ಟ್ಯಾಂಕರ್‌ನಲ್ಲಿ ಅಪಾಯಕಾರಿ ಸರಕು ಸಾಗಿಸುವುದು ಹೇಗೆ: ಕಾಗದಪತ್ರ, ಫಲಕ, ಲೋಡಿಂಗ್, ದಾರಿ, ಅವಘಡ

ಟ್ಯಾಂಕರ್‌ನ ಎರಡು ಪಕ್ಕಕ್ಕೂ ಹಿಂಬದಿಗೂ ಸರಕಿನ ಹೆಸರನ್ನು ಕನಿಷ್ಠ 50 ಮಿಮೀ ಎತ್ತರದ ಅಕ್ಷರದಲ್ಲಿ, ಯುಎನ್ ಸಂಖ್ಯೆಯನ್ನು (ಅಪಾಯಕಾರಿ ಸರಕನ್ನು ಗುರುತಿಸುವ ನಾಲ್ಕಂಕಿಯ ಅಂತರರಾಷ್ಟ್ರೀಯ ಸಂಖ್ಯೆ) ಕನಿಷ್ಠ 100 ಮಿಮೀ ಎತ್ತರದ ಅಂಕಿಯಲ್ಲಿ ಬರೆಯಬೇಕು ಎಂದು ಕಾನೂನು ಅಳತೆಪಟ್ಟಿ ಹಿಡಿದು ಹೇಳುತ್ತದೆ. ಇದನ್ನು ಚೆಕ್‌ಪೋಸ್ಟ್‌ಗೆ ತೋರಿಸುವ ಶಾಸ್ತ್ರವೆಂದು ತಿಳಿದವರೇ ಹೆಚ್ಚು. ಆ ಅಕ್ಷರಗಳ ನಿಜವಾದ ಓದುಗ ಬೇರೆ. ಶಿರಾಡಿ ಘಾಟಿಯ ತಿರುವಿನಲ್ಲಿ ಗಾಡಿ ಮಗುಚಿ, ಡ್ರೈವರ್‌ಗೆ ಪ್ರಜ್ಞೆ ತಪ್ಪಿದಾಗ, ನೂರು ಮೀಟರ್ ದೂರ ನಿಂತು ‘ನೀರು ಹೊಡೆಯಲೋ, ಫೋಮ್ ಹೊಡೆಯಲೋ, ಊರನ್ನೇ ಖಾಲಿ ಮಾಡಿಸಲೋ’ ಎಂದು ಯೋಚಿಸುವ ಅಗ್ನಿಶಾಮಕದವನು ಅದನ್ನು ಓದುತ್ತಾನೆ. ಕೆಳಗಿನ ಪ್ರತಿ ಹಂತವನ್ನೂ ಅವನನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ. ಯಾವ ನಿಯಮ ಯಾಕಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಒಂದೆರಡು ಟ್ಯಾಂಕರ್ ಇಟ್ಟುಕೊಂಡಿರುವ ಅಥವಾ ಕೊಳ್ಳಲು ಹೊರಟಿರುವ ಮಾಲೀಕರು, ಸರಕು ಕಳಿಸುವ ಕಾರ್ಖಾನೆಯವರು ಮತ್ತು ಡ್ರೈವರ್‌ಗಳಿಗಾಗಿ ಈ ಬರಹ.

ಹಂತ 1: ಸರಕು ಯಾವುದು, ಅದು ಯಾರ ಕೈಕೆಳಗೆ ಬರುತ್ತದೆ

ರಸ್ತೆಯಲ್ಲಿ ಅಪಾಯಕಾರಿ ಸರಕು ಸಾಗಣೆಗೆ ಮೂಲ ಕಾನೂನು ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರಲ್ಲಿ 129ರಿಂದ 137ರವರೆಗಿನ ನಿಯಮಗಳು ವಾಹನಕ್ಕೆ, 9ನೇ ನಿಯಮ ಡ್ರೈವರ್‌ಗೆ ಸಂಬಂಧಿಸಿದವು. ಇದನ್ನು ನೋಡಿಕೊಳ್ಳುವುದು ಆರ್‌ಟಿಒ ಮತ್ತು ಪೊಲೀಸರು.

ಆದರೆ ಚಾಸಿಸ್ ಮೇಲೆ ಕೂತ ಟ್ಯಾಂಕ್‌ಗೆ ಬೇರೆ ಯಜಮಾನರಿದ್ದಾರೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಂಥವು ಪೆಟ್ರೋಲಿಯಂ ನಿಯಮಗಳು, 2002ರ ಅಡಿ ಬರುತ್ತವೆ. ಎಲ್‌ಪಿಜಿ, ಅಮೋನಿಯ, ಕ್ಲೋರಿನ್‌ನಂಥ ಒತ್ತಡದ ಅನಿಲಗಳ ಬುಲೆಟ್ ಟ್ಯಾಂಕರ್‌ಗಳಿಗೆ 2016ರ ಒತ್ತಡ ಪಾತ್ರೆ ನಿಯಮಗಳಿವೆ. ಎರಡಕ್ಕೂ ಲೈಸೆನ್ಸ್ ಕೊಡುವುದು ನಾಗಪುರದಲ್ಲಿ ಪ್ರಧಾನ ಕಚೇರಿಯಿರುವ ಪೆಸೊ, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ. ಹಳಬರು ಈಗಲೂ ‘ಎಕ್ಸ್‌ಪ್ಲೋಸಿವ್ ಲೈಸೆನ್ಸ್’ ಎನ್ನುವುದು ಇದನ್ನೇ. ಪೆಟ್ರೋಲಿಯಂ ಟ್ಯಾಂಕರ್‌ಗೆ ಸಿಗುವುದು 11ನೇ ನಮೂನೆಯ ಲೈಸೆನ್ಸ್, ಅನಿಲದ ಬುಲೆಟ್‌ಗೆ ಎಲ್‌ಎಸ್-2 ನಮೂನೆಯದು.

ಪೆಟ್ರೋಲಿಯಂನಲ್ಲಿ ಮೂರು ದರ್ಜೆಗಳಿವೆ. ಉರಿಬಿಂದು (ಆವಿ ಕಿಡಿಗೆ ಹತ್ತಿಕೊಳ್ಳತೊಡಗುವ ಉಷ್ಣಾಂಶ) 23° ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ‘ಎ’, 23ರಿಂದ 65ರ ಒಳಗಿದ್ದರೆ ‘ಬಿ’, 65ರಿಂದ 93ರ ಒಳಗಿದ್ದರೆ ‘ಸಿ’. ಪೆಟ್ರೋಲ್ ‘ಎ’, ಡೀಸೆಲ್ ‘ಬಿ’. ‘ಡೀಸೆಲ್ ತಾನೇ, ಬೆಂಕಿಕಡ್ಡಿ ಹಾಕಿದರೂ ಹತ್ತಲ್ಲ’ ಎನ್ನುವ ಮಾತಿನ ಅಪಾಯವನ್ನು ಲೋಡಿಂಗ್ ಹಂತದಲ್ಲಿ ನೋಡೋಣ.

ಆಸಿಡ್, ಕಾಸ್ಟಿಕ್, ಹೈಪೊಕ್ಲೋರೈಟ್ ಸಾಗಿಸುವವರು ಇಲ್ಲಿ ಹೆಚ್ಚು ಎಡವುತ್ತಾರೆ. ಪೆಸೊ ಲೈಸೆನ್ಸ್ ಕೇಳುವುದಿಲ್ಲ ಎಂದಮೇಲೆ ಯಾವ ನಿಯಮವೂ ಇಲ್ಲ ಎಂದುಕೊಳ್ಳುತ್ತಾರೆ. ಮೋಟಾರು ವಾಹನ ನಿಯಮಗಳು ಅವರಿಗೂ ಪೂರ್ತಿ ಅನ್ವಯ: ಫಲಕ, ಟ್ರೆಮ್ ಕಾರ್ಡ್ (ಸರಕಿನ ಅಪಾಯವನ್ನೂ ಅವಘಡವಾದರೆ ಏನು ಮಾಡಬೇಕೆಂಬುದನ್ನೂ ಬರೆದ ಕಾರ್ಡ್), ಡ್ರೈವರ್ ತರಬೇತಿ, ಯಾವುದಕ್ಕೂ ವಿನಾಯಿತಿಯಿಲ್ಲ.

ಹಂತ 2: ಸರಕಿಗೆ ತಕ್ಕ ಟ್ಯಾಂಕ್

ಹಳೆಯ ಟ್ಯಾಂಕರ್ ಕೊಳ್ಳುವಾಗ ಎಲ್ಲರೂ ಎಂಜಿನ್ ಸದ್ದು ಕೇಳುತ್ತಾರೆ, ಟೈರ್ ನೋಡುತ್ತಾರೆ. ಮೊದಲು ಮಾಡಬೇಕಾದದ್ದು ಗುಣಾಕಾರ. 10,000 ಲೀಟರ್ ಪೆಟ್ರೋಲ್‌ನ ತೂಕ ಸುಮಾರು 7.4 ಟನ್. ಅಷ್ಟೇ ಲೀಟರ್ 98 ಶೇಕಡಾ ಸಲ್ಫ್ಯೂರಿಕ್ ಆಸಿಡ್ ತುಂಬಿದರೆ 18.4 ಟನ್. ಇಂಧನಕ್ಕೆಂದು ಮಾಡಿದ ಟ್ಯಾಂಕ್‌ಗೆ ಆಸಿಡ್ ತುಂಬಿದರೆ ಎರಡೇ ದಾರಿ: ಒಂದೋ ಓವರ್‌ಲೋಡ್, ಇಲ್ಲವೇ ಅರ್ಧ ಖಾಲಿ. ಎರಡನೆಯದು ಸುರಕ್ಷಿತ ಅನ್ನಿಸುತ್ತದೆ, ಆದರೆ ಅಲ್ಲ. ಅರ್ಧ ತುಂಬಿದ ಟ್ಯಾಂಕ್‌ನಲ್ಲಿ ದ್ರವ ತಿರುವಿನ ಹೊರಬದಿಗೆ ನುಗ್ಗಿ, ಗಾಡಿಯ ಭಾರವನ್ನೆಲ್ಲ ಒಂದೇ ಬದಿಯ ಚಕ್ರಗಳ ಮೇಲೆ ಹಾಕುತ್ತದೆ. ಒಳಗಿನ ಅಡ್ಡತಡೆಗಳು ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವುದನ್ನು ತಡೆಯುತ್ತವೆಯೇ ಹೊರತು ಪಕ್ಕಕ್ಕೆ ಹೊಯ್ದಾಡುವುದನ್ನಲ್ಲ.

ಲೋಹದ ವಿಚಾರವೂ ಹಾಗೆಯೇ. ಗಾಢ ಸಲ್ಫ್ಯೂರಿಕ್ ಆಸಿಡ್ ಸಾದಾ ಉಕ್ಕಿನ ಟ್ಯಾಂಕ್‌ನಲ್ಲಿ ನಿಲ್ಲುತ್ತದೆ. ಅದೇ ಟ್ಯಾಂಕ್‌ಗೆ ‘ತೊಳೆಯೋಣ’ ಎಂದು ನೀರು ಬಿಟ್ಟರೆ, ತೆಳುವಾದ ಆಸಿಡ್ ಉಕ್ಕನ್ನು ತಿಂದು ಜಲಜನಕ ಅನಿಲ ಬಿಡುತ್ತದೆ. ಮ್ಯಾನ್‌ಹೋಲ್ ಬಳಿ ಒಂದು ಕಿಡಿ ಬಿದ್ದರೆ ಮುಗಿಯಿತು. ಹೈಡ್ರೋಕ್ಲೋರಿಕ್ ಆಸಿಡ್‌ಗಂತೂ ರಬ್ಬರ್ ಒಳಪದರ ಅಥವಾ ಫೈಬರ್ ಟ್ಯಾಂಕ್ ಬೇಕೇ ಬೇಕು. ಹಿಂದಿನ ಲೋಡ್ ಏನಿತ್ತು ಎಂದು ಲಿಖಿತವಾಗಿ ಕೇಳಿ. ಹೈಪೊಕ್ಲೋರೈಟ್ ಉಳಿದ ಟ್ಯಾಂಕ್‌ಗೆ ಆಸಿಡ್ ಬಿದ್ದರೆ ಹೊರಡುವುದು ಕ್ಲೋರಿನ್ ಅನಿಲ.

ಹಂತ 3: ಕಾಗದಪತ್ರ

ಆರ್‌ಸಿ, ಎಫ್‌ಸಿ, ಪರ್ಮಿಟ್, ಇನ್ಶೂರೆನ್ಸ್, ಎಮಿಷನ್ ಎಲ್ಲ ಲಾರಿಗೂ ಇದ್ದದ್ದೇ. ಟ್ಯಾಂಕರ್‌ಗೆ ಇನ್ನೂ ಬೇಕಾದವು:

- ಸರಕು ಪೆಟ್ರೋಲಿಯಂ ಅಥವಾ ಒತ್ತಡದ ಅನಿಲವಾದರೆ ಪೆಸೊ ಲೈಸೆನ್ಸ್. ಅದರಲ್ಲಿನ ವಾಹನ ಸಂಖ್ಯೆ, ಟ್ಯಾಂಕ್ ಸಾಮರ್ಥ್ಯ ಆರ್‌ಸಿಯೊಂದಿಗೆ ತಾಳೆಯಾಗಬೇಕು.
- ಇಂಧನ ಟ್ಯಾಂಕರ್‌ಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಕ್ಯಾಲಿಬ್ರೇಷನ್ ಪತ್ರ.
- ಎಲ್‌ಪಿಜಿ ಬುಲೆಟ್‌ಗೆ ಸೇಫ್ಟಿ ವಾಲ್ವ್‌ನ ವಾರ್ಷಿಕ ಪರೀಕ್ಷೆ ಮತ್ತು 5 ವರ್ಷಕ್ಕೊಮ್ಮೆ ನೀರಿನ ಒತ್ತಡ ಪರೀಕ್ಷೆಯ ಪ್ರಮಾಣಪತ್ರ.
- ಸರಕು ಕಳಿಸುವವರು ಸಹಿ ಮಾಡಿ ಕೊಟ್ಟ ಟ್ರೆಮ್ ಕಾರ್ಡ್.

ಅವಧಿ ಮುಗಿಯುವ ದಿನ ಒಂದೊಂದಕ್ಕೂ ಒಂದೊಂದು. ಕ್ಯಾಲೆಂಡರ್‌ನಲ್ಲಿ 45 ದಿನ ಮುಂಚಿತವಾಗಿ ಗುರುತು ಹಾಕಿಕೊಳ್ಳಿ. ಒತ್ತಡ ಪರೀಕ್ಷೆಗೆ ಬುಲೆಟ್ ಖಾಲಿಯಾಗಿ, ಅನಿಲಮುಕ್ತವಾಗಿ ನಿಲ್ಲಬೇಕು. ಕೊನೆಯ ವಾರದಲ್ಲಿ ಅದು ಆಗುವ ಮಾತಲ್ಲ.

ಟ್ರೆಮ್ ಕಾರ್ಡ್ ವಿಷಯದಲ್ಲಿ ಜವಾಬ್ದಾರಿ ಮೂರು ಪಾಲಾಗಿದೆ. 131ನೇ ನಿಯಮದ ಪ್ರಕಾರ ಸರಕು ಕಳಿಸುವವನು ಪೂರ್ತಿ ಮಾಹಿತಿ ಕೊಡಬೇಕು, ಗಾಡಿಯಲ್ಲಿ ಸುರಕ್ಷತಾ ಸಲಕರಣೆ ಇದೆಯೇ, ಡ್ರೈವರ್‌ಗೆ ತರಬೇತಿ ಆಗಿದೆಯೇ ಎಂದು ನೋಡಬೇಕು. 132ರ ಪ್ರಕಾರ ಮಾಲೀಕ ಆ ಮಾಹಿತಿ ಸರಿಯಿದೆಯೆಂದು ಖಚಿತಪಡಿಸಿಕೊಂಡು ಡ್ರೈವರ್‌ಗೆ ಬರಹದಲ್ಲಿ ಕೊಡಬೇಕು. 133ರ ಪ್ರಕಾರ ಡ್ರೈವರ್ ಅದನ್ನು ಕ್ಯಾಬಿನ್‌ನಲ್ಲಿ ಸದಾ ಕೈಗೆ ಸಿಗುವಂತೆ ಇಡಬೇಕು. ಒಬ್ಬ ತಪ್ಪಿದರೆ ಇನ್ನೊಬ್ಬ ತಡೆಯಲೆಂದು ಹೀಗೆ ಮಾಡಿದ್ದು. ವಾಸ್ತವದಲ್ಲಿ ಮೂವರೂ ‘ಅದು ಅವರು ನೋಡ್ಕೋತಾರೆ’ ಎಂದುಕೊಂಡು, ಕೊನೆಗೆ ಹಳೇ ಲೋಡಿನ ಕಾರ್ಡೇ ಕ್ಯಾಬಿನ್‌ನಲ್ಲಿ ಉಳಿದಿರುತ್ತದೆ. ತಪ್ಪು ಕಾರ್ಡ್ ಇರುವುದಕ್ಕಿಂತ ಕಾರ್ಡ್ ಇಲ್ಲದಿರುವುದೇ ವಾಸಿ. ಆದ್ದರಿಂದ ಅನ್‌ಲೋಡ್ ಆಗಿ ಟ್ಯಾಂಕ್ ತೊಳೆದ ದಿನವೇ ಹಳೆಯದನ್ನು ತೆಗೆದು ಫೈಲ್‌ಗೆ ಹಾಕಿ. ಕಾರ್ಡ್ ಡ್ರೈವರ್ ಓದಬಲ್ಲ ಭಾಷೆಯಲ್ಲಿರಲಿ. ಮಂಗಳೂರಿನಿಂದ ಹೊರಡುವ ಗಾಡಿಯ ಡ್ರೈವರ್ ಕನ್ನಡದವನೂ ಆಗಿರಬಹುದು, ತಮಿಳಿನವನೂ ಆಗಿರಬಹುದು.

ಹಂತ 4: ಡ್ರೈವರ್

ಸಾರಿಗೆ ವಾಹನದ ಡಿಎಲ್ ಒಂದೇ ಸಾಲದು. 9ನೇ ನಿಯಮದಂತೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ 3 ದಿನದ ತರಬೇತಿ ಮುಗಿಸಿ, ಪ್ರಮಾಣಪತ್ರದೊಂದಿಗೆ ಆರ್‌ಟಿಒಗೆ ಅರ್ಜಿ ಕೊಟ್ಟು, ಅಪಾಯಕಾರಿ ಸರಕು ಸಾಗಿಸಲು ಅಧಿಕಾರವಿದೆ ಎಂಬ ನಮೂದನ್ನು ಡಿಎಲ್‌ನಲ್ಲೇ ಮಾಡಿಸಬೇಕು. ಪ್ರಮಾಣಪತ್ರ ಜೇಬಿನಲ್ಲಿದ್ದು ಡಿಎಲ್‌ನಲ್ಲಿ ನಮೂದಾಗಿರದಿದ್ದರೆ ಪೂರ್ತಿಯಾಗಲಿಲ್ಲ. 2019ರ ತಿದ್ದುಪಡಿಯ ನಂತರ ಇಂಥ ಲೈಸೆನ್ಸ್‌ನ ಅವಧಿ 3 ವರ್ಷ. ನವೀಕರಣಕ್ಕೆ 1 ದಿನದ ಪುನಶ್ಚೇತನ ತರಬೇತಿ ಬೇಕು.

ದುಡಿಮೆಯ ಹೊತ್ತಿಗೂ ಮಿತಿಯಿದೆ. ಕಾರ್ಮಿಕ ಕಾನೂನಿನಂತೆ ದಿನಕ್ಕೆ 8 ಗಂಟೆ, ವಾರಕ್ಕೆ 48. ಟ್ರಿಪ್ ಲೆಕ್ಕದಲ್ಲಿ ಸಂಬಳ ಕೊಡುವ ಮಾಲೀಕರು ಈ ಮಿತಿಯನ್ನು ತಾವೇ ಮುರಿಸುತ್ತಿರುತ್ತಾರೆ. ಬೆಳಗಿನ ಜಾವ ತೂಕಡಿಕೆಯಲ್ಲಿ ಮಗುಚುವ ಗಾಡಿಗಳ ಮೂಲ ಅಲ್ಲಿದೆ.

ಹಂತ 5: ಫಲಕ ಬರೆಸುವುದು

134ನೇ ನಿಯಮದ ತುರ್ತು ಮಾಹಿತಿ ಫಲಕ ಎರಡು ಪಕ್ಕ ಮತ್ತು ಹಿಂಬದಿ, ಒಟ್ಟು ಮೂರು ಕಡೆ ಇರಬೇಕು. ಅದರಲ್ಲಿ ಸರಕಿನ ಸರಿಯಾದ ತಾಂತ್ರಿಕ ಹೆಸರು 50 ಮಿಮೀ ಅಕ್ಷರದಲ್ಲಿ, ಯುಎನ್ ಸಂಖ್ಯೆ 100 ಮಿಮೀ ಅಂಕಿಯಲ್ಲಿ, ಅಪಾಯದ ವರ್ಗ ತೋರಿಸುವ 250 ಮಿಮೀ ಚೌಕದ ವರ್ಗಚಿಹ್ನೆ, ಮತ್ತು ತುರ್ತು ಸೇವೆ ಹಾಗೂ ಸರಕು ಕಳಿಸಿದವರ ಹೆಸರು, ಫೋನ್ ಸಂಖ್ಯೆ 50 ಮಿಮೀ ಎತ್ತರದಲ್ಲಿ ಇರಬೇಕು. ಚಿಹ್ನೆಯನ್ನು 45° ತಿರುಗಿಸಿ, ವಜ್ರದಾಕಾರದಲ್ಲಿ ಹಾಕಬೇಕು.

ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಯುಎನ್ ಸಂಖ್ಯೆಗಳು: ಪೆಟ್ರೋಲ್ 1203, ಡೀಸೆಲ್ 1202, ಸೀಮೆಎಣ್ಣೆ 1223, ವಿಮಾನ ಇಂಧನ 1863, ಎಲ್‌ಪಿಜಿ 1075, ಅಮೋನಿಯ 1005, ಕ್ಲೋರಿನ್ 1017, ಸಲ್ಫ್ಯೂರಿಕ್ ಆಸಿಡ್ 1830, ಹೈಡ್ರೋಕ್ಲೋರಿಕ್ ಆಸಿಡ್ 1789, ಕಾಸ್ಟಿಕ್ ಲೈ 1824. ಪೆಟ್ರೋಲ್ ಟ್ಯಾಂಕರ್ ಮೇಲೆ ಕಾಣುವ ‘3ವೈಇ’ ಎಂಬುದು ಹ್ಯಾಜ್‌ಕೆಮ್ ಸಂಕೇತ, ಅಂದರೆ ಅವಘಡದಲ್ಲಿ ಏನು ಮಾಡಬೇಕೆಂದು ಅಗ್ನಿಶಾಮಕದವರಿಗೆ ಹೇಳುವ ಗುರುತು. 3 ಅಂದರೆ ಫೋಮ್ ಬಳಸಿ. ವೈ ಅಂದರೆ ಉಸಿರಾಟದ ಸಾಧನ ಧರಿಸಿ, ಚೆಲ್ಲಿದ್ದನ್ನು ಚರಂಡಿಗೆ ಬಿಡದೆ ತಡೆದು ನಿಲ್ಲಿಸಿ. ಇ ಅಂದರೆ ಸುತ್ತಲಿನ ಜನರನ್ನು ಖಾಲಿ ಮಾಡಿಸುವ ಬಗ್ಗೆ ಯೋಚಿಸಿ.

ಇಲ್ಲಿ ಆಗುವ ತಪ್ಪುಗಳು ಬಹಳ ಸಾಮಾನ್ಯ. ಪೇಂಟರ್‌ಗೆ ಹಳೆ ಗಾಡಿ ತೋರಿಸಿ ‘ಇದೇ ಥರ ಬರಿ’ ಎನ್ನುವುದು ಒಂದು. ‘ಕೆಮಿಕಲ್’ ಎಂದಷ್ಟೇ ಬರೆಸುವುದು ಇನ್ನೊಂದು. ಹತ್ತು ವರ್ಷ ಹಿಂದಿನ ಲ್ಯಾಂಡ್‌ಲೈನ್ ಸಂಖ್ಯೆ ಹಾಗೇ ಉಳಿದಿರುತ್ತದೆ. ಹಿಂದಿನ ಫಲಕದ ಮೇಲೆ ಏಣಿ, ಟಾರ್ಪಾಲು, ಸ್ಟೆಪ್ನಿ ಕೂತಿರುತ್ತದೆ. ಫಲಕ ಸದಾ ಸ್ವಚ್ಛವಾಗಿ, ಅಡ್ಡಿಯಿಲ್ಲದೆ ಕಾಣಬೇಕೆಂದು ನಿಯಮವೇ ಹೇಳುತ್ತದೆ. ಮಳೆಗಾಲದಲ್ಲಿ ಘಾಟಿ ಇಳಿದ ಗಾಡಿಯ ಹಿಂಬದಿ ಕೆಸರಿನಲ್ಲಿ ಮುಚ್ಚಿಹೋಗಿರುತ್ತದೆ, ಹಾಗಾಗಿ ಪ್ರತಿ ನಿಲುಗಡೆಯಲ್ಲೂ ಒಮ್ಮೆ ಬಟ್ಟೆ ಆಡಿಸಿ. ಬರೆಸಿದ ಫೋನ್ ಸಂಖ್ಯೆಗೆ ಒಂದು ದಿನ ರಾತ್ರಿ 2 ಗಂಟೆಗೆ ನೀವೇ ಕರೆ ಮಾಡಿ ನೋಡಿ. ಯಾರೂ ಎತ್ತದಿದ್ದರೆ ಸಂಖ್ಯೆ ಬದಲಿಸಿ.

ಹಂತ 6: ಹೊರಡುವ ಮುನ್ನ ಗಾಡಿ ಸುತ್ತ ಒಂದು ಸುತ್ತು

ಸೈಲೆನ್ಸರ್‌ಗೆ ಹೊಗೆಯೊಂದಿಗೆ ಬರುವ ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಕಡ್ಡಾಯ. ಇದ್ದರೆ ಸಾಲದು, ಮಸಿ ಕಟ್ಟಿರಬಾರದು. ಪಿಕಪ್ ಕಡಿಮೆಯಾಯಿತೆಂದು ಒಳಗಿನ ಜಾಳಿಗೆಯನ್ನೇ ಕಿತ್ತು ಖಾಲಿ ಡಬ್ಬಿ ತೂಗುಹಾಕಿರುವ ಗಾಡಿಗಳಿವೆ. ಬ್ಯಾಟರಿಯ ಮಾಸ್ಟರ್ ಸ್ವಿಚ್ ಕೈಗೆ ಸಿಗಬೇಕು, ಆಫ್ ಮಾಡಿದರೆ ನಿಜಕ್ಕೂ ಎಲ್ಲ ಆರಬೇಕು. ಟ್ಯಾಂಕ್ ಬಳಿಯ ವೈರಿಂಗ್‌ನಲ್ಲಿ ಟೇಪ್ ಸುತ್ತಿದ ಜೋಡಣೆ ಇರಬಾರದು. ದೇವರ ಫೋಟೋಗೆ ಹಾಕಿದ ಬಣ್ಣದ ದೀಪದ ಸರವೂ ಇದರಲ್ಲಿ ಸೇರಿತು. ಹೊರಗೆ 10 ಕೆಜಿಯ ಒಣಪುಡಿ ಅಗ್ನಿಶಾಮಕ, ಕ್ಯಾಬಿನ್‌ನಲ್ಲಿ ಒಂದು ಚಿಕ್ಕದು ಇಡುವುದು ರೂಢಿ. ಒತ್ತಡದ ಮುಳ್ಳು ಹಸಿರು ಪಟ್ಟಿಯಲ್ಲಿರಲಿ, ಪಿನ್ ಸುಲಭವಾಗಿ ಬರಲಿ. ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಉಪಕರಣ ಪೆಟ್ಟಿಗೆ ಮತ್ತು ಸರಕಿಗೆ ತಕ್ಕ ಪ್ರತ್ಯೌಷಧ ಇರಬೇಕೆಂದು ನಿಯಮವಿದೆ. ಆಸಿಡ್ ಗಾಡಿಯಲ್ಲಿ ಮುಖಕವಚ, ಉದ್ದ ಕೈಗವಸು, ಕನಿಷ್ಠ ಒಂದು ದೊಡ್ಡ ಕ್ಯಾನ್ ಶುದ್ಧ ನೀರು ಇಲ್ಲದೆ ಹೊರಡಬೇಡಿ. ಆ ನೀರು ಕಣ್ಣು ತೊಳೆಯಲು, ಕುಡಿಯಲು ಅಲ್ಲ.

ಹಂತ 7: ಲೋಡಿಂಗ್

ಕ್ರಮ ಹೀಗಿರಲಿ. ಗ್ಯಾಂಟ್ರಿಗೆ (ಡಿಪೋದಲ್ಲಿ ಟ್ಯಾಂಕರ್ ತುಂಬಿಸುವ ಕಟ್ಟೆ) ಬಂದು ಎಂಜಿನ್ ನಿಲ್ಲಿಸಿ, ಗೇರ್‌ನಲ್ಲಿ ಬಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರದಡಿ ಮರದ ತುಂಡು ಕೊಡಿ. ಮಾಸ್ಟರ್ ಸ್ವಿಚ್ ಆಫ್ ಮಾಡಿ. ಆಮೇಲೆ ಅರ್ತಿಂಗ್ ಕ್ಲಿಪ್. ಮುಚ್ಚಳ ತೆಗೆಯುವ ಮುಂಚೆ ಹಾಕಿ, ಎಲ್ಲ ಮುಚ್ಚಿದ ಮೇಲೆ ತೆಗೆಯಿರಿ. ಬಣ್ಣ ಬಳಿದ ಜಾಗಕ್ಕೆ ಕಚ್ಚಿಸಿದ ಕ್ಲಿಪ್‌ನಿಂದ ಏನೂ ಉಪಯೋಗವಿಲ್ಲ, ಬರಿ ಲೋಹ ಕಾಣಬೇಕು.

ಅರ್ತಿಂಗ್‌ಗೆ ಇಷ್ಟು ಒತ್ತು ಏಕೆಂದರೆ, ಪೈಪಿನಲ್ಲಿ ಹರಿಯುವ ಇಂಧನ ತಾನೇ ವಿದ್ಯುತ್ ಆವೇಶ ಕಟ್ಟಿಕೊಳ್ಳುತ್ತದೆ. ಅದಕ್ಕೇ ಪೈಪಿನ ಬಾಯಿ ದ್ರವದಲ್ಲಿ ಮುಳುಗುವವರೆಗೆ ಹರಿವಿನ ವೇಗ ಸೆಕೆಂಡಿಗೆ 1 ಮೀಟರ್ ದಾಟಬಾರದು. ಮೇಲಿನಿಂದ ಚಿಮ್ಮಿ ಬೀಳುವಂತೆ ತುಂಬಲೇಬಾರದು, ಪೈಪ್ ತಳದವರೆಗೆ ಇಳಿಯಬೇಕು.

ಈಗ ಡೀಸೆಲ್ ವಿಷಯ. ಪೆಟ್ರೋಲ್ ತುಂಬಿದ ಕಂಪಾರ್ಟ್‌ಮೆಂಟ್‌ನಲ್ಲಿ ಆವಿ ಎಷ್ಟು ದಟ್ಟವೆಂದರೆ ಉರಿಯಲು ಬೇಕಾದಷ್ಟು ಗಾಳಿಯೇ ಇರುವುದಿಲ್ಲ. ಪೆಟ್ರೋಲ್ ಆವಿ ಹತ್ತಿಕೊಳ್ಳುವುದು ಗಾಳಿಯಲ್ಲಿ ಸುಮಾರು 1.4ರಿಂದ 7.6 ಶೇಕಡಾ ಇದ್ದಾಗ ಮಾತ್ರ. ಆ ಕಂಪಾರ್ಟ್‌ಮೆಂಟ್ ಖಾಲಿಯಾದ ಮೇಲೆ ಅದಕ್ಕೆ ಡೀಸೆಲ್ ಬಿಟ್ಟರೆ, ಡೀಸೆಲ್ ಉಳಿದ ಪೆಟ್ರೋಲ್ ಆವಿಯನ್ನು ಹೀರಿಕೊಂಡು ಮಿಶ್ರಣವನ್ನು ಸರಿಯಾಗಿ ಹತ್ತಿಕೊಳ್ಳುವ ಹದಕ್ಕೆ ಇಳಿಸುತ್ತದೆ. ಕಿಡಿಗೆ ಬೇಕಾದ ಆವೇಶವನ್ನು ಹರಿಯುವ ಡೀಸೆಲ್ಲೇ ತರುತ್ತದೆ. ಗ್ಯಾಂಟ್ರಿ ಸ್ಫೋಟಗಳ ಹಳೆಯ ಕಾರಣ ಇದು. ಹಿಂದಿನ ಲೋಡ್ ಪೆಟ್ರೋಲ್ ಆಗಿದ್ದರೆ ಡಿಪೋದವರಿಗೆ ತಿಳಿಸಿ, ನಿಧಾನವಾಗಿ ತುಂಬಿಸಿ. ತುಂಬಿದ ತಕ್ಷಣ ಮಟ್ಟ ಅಳೆಯುವ ಡಿಪ್ ರಾಡ್ ಇಳಿಸಬೇಡಿ. ಆವೇಶ ಇಳಿಯಲು ಕೆಲವು ನಿಮಿಷ ಬಿಡಿ. ಟ್ಯಾಂಕ್ ಮೇಲೆ ಹತ್ತುವವರು ಹತ್ತಿ ಬಟ್ಟೆ ತೊಟ್ಟಿರಲಿ.

ಮೇಲ್ಗಡೆ ಜಾಗ ಬಿಡುವುದು ಲಾಭ–ನಷ್ಟದ ವಿಷಯವಲ್ಲ. 12,000 ಲೀಟರ್ ಪೆಟ್ರೋಲ್ 10° ಬಿಸಿಯಾದರೆ ಸುಮಾರು 114 ಲೀಟರ್ ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಬಾಯಿಮಟ್ಟ ತುಂಬಿದ ಗಾಡಿ ಮಧ್ಯಾಹ್ನ ಚಿತ್ರದುರ್ಗದ ಬಿಸಿಲಲ್ಲಿ ಮ್ಯಾನ್‌ಹೋಲ್‌ನಿಂದ ಒಸರುತ್ತದೆ. ಎಲ್‌ಪಿಜಿಯಲ್ಲಿ ಇದು ಇನ್ನೂ ಕಠಿಣ: ಬುಲೆಟ್‌ನ ಗಾತ್ರದ 85 ಶೇಕಡಾ ದಾಟಿ ದ್ರವ ತುಂಬಬಾರದು. ಪೂರ್ತಿ ದ್ರವವೇ ತುಂಬಿದ ಪಾತ್ರೆ ಬಿಸಿಯಾದರೆ ಹಿಗ್ಗಲು ಜಾಗವಿಲ್ಲದೆ ಒತ್ತಡ ನೆಗೆಯುತ್ತದೆ. ತೂಕಸೇತುವೆಯ ಚೀಟಿಯನ್ನು ಅನುಮತಿಸಿದ ತೂಕದೊಂದಿಗೆ ತಾಳೆ ನೋಡಿಯೇ ಗೇಟ್ ದಾಟಿ.

ಹಂತ 8: ದಾರಿ ಮತ್ತು ನಿಲುಗಡೆ

ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಅಡಿ ಭಾರೀ ವಾಹನಗಳಿಗೆ, ಅಪಾಯಕಾರಿ ಸರಕಿಗೆ ರಸ್ತೆ ಅಥವಾ ಸಮಯದ ನಿರ್ಬಂಧ ಹಾಕಬಹುದು. ಮಳೆಗಾಲದಲ್ಲಿ ಘಾಟಿ ರಸ್ತೆಗಳಿಗೆ ಜಿಲ್ಲಾಧಿಕಾರಿಗಳ ಆದೇಶ ಬರುತ್ತಲೇ ಇರುತ್ತದೆ. ಹೊರಡುವ ದಿನವೇ ವಿಚಾರಿಸಿ. ನಿಂತ ಜಾಗದಿಂದ ಟ್ಯಾಂಕರ್ ಹಿಂದಿರುಗಿಸುವುದೇ ಒಂದು ಅಪಾಯ. 2024ರ ಡಿಸೆಂಬರ್ 20ರಂದು ಜೈಪುರದ ಭಾಂಕ್ರೋಟದಲ್ಲಿ ಹೆದ್ದಾರಿಯ ಮೇಲೆ ಯು-ಟರ್ನ್ ತೆಗೆದುಕೊಳ್ಳುತ್ತಿದ್ದ ಎಲ್‌ಪಿಜಿ ಟ್ಯಾಂಕರ್‌ಗೆ ಲಾರಿ ಗುದ್ದಿ, ಹೊರಹರಿವಿನ ವಾಲ್ವ್‌ಗಳೇ ಮುರಿದು, ಸೋರಿದ ಅನಿಲದ ಬೆಂಕಿ ಹಿಂದೆ ಮುಂದೆ ಇದ್ದ ವಾಹನಗಳನ್ನೂ ಸುಟ್ಟಿತು. ದಪ್ಪ ಉಕ್ಕಿನ ಬುಲೆಟ್‌ಗೆ ದುರ್ಬಲ ಜಾಗ ವಾಲ್ವ್.

ಗಾಡಿ ಬಿಟ್ಟು ಊಟಕ್ಕೆ ಹೋಗುವಾಗ 133ನೇ ನಿಯಮ ನೆನಪಿರಲಿ: ನಿಲ್ಲಿಸಿದ ಜಾಗ ಬೆಂಕಿ, ಸ್ಫೋಟದಿಂದ ಸುರಕ್ಷಿತವಾಗಿರಬೇಕು, ಡ್ರೈವರ್ ಅಥವಾ 18 ದಾಟಿದ ಸಮರ್ಥ ವ್ಯಕ್ತಿಯೊಬ್ಬರು ಸದಾ ಕಾಯುತ್ತಿರಬೇಕು. ಢಾಬಾದ ಒಲೆಯ ಹತ್ತಿರ, ಮನೆಗಳ ನಡುವೆ, ಸೇತುವೆ ಕೆಳಗೆ ನಿಲ್ಲಿಸಬಾರದು. ಕ್ಯಾಬಿನ್‌ನಲ್ಲಿ ಸ್ಟೌ ಹಚ್ಚಿ ಅಡುಗೆ ಮಾಡುವ ಅಭ್ಯಾಸ ದೂರದ ಟ್ರಿಪ್‌ಗಳಲ್ಲಿ ಇನ್ನೂ ಇದೆ. ಅದನ್ನು ನಿಲ್ಲಿಸಬೇಕಾದರೆ ಮಾಲೀಕ ಊಟದ ಭತ್ಯೆ ಸರಿಯಾಗಿ ಕೊಡಬೇಕು, ಬರಿ ಬೈದರೆ ಆಗದು.

ನಿಯಮ ಉಲ್ಲಂಘಿಸಿದರೆ ಕಾಯ್ದೆಯ 190(3)ನೇ ಕಲಂ ಅಡಿ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಒಂದು ವರ್ಷದವರೆಗೆ ಜೈಲಿಗೂ ಅವಕಾಶವಿದೆ.

ಹಂತ 9: ಸೋರಿಕೆ ಅಥವಾ ಅಪಘಾತವಾದರೆ

2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಹೊರಟಿದ್ದ ಎಲ್‌ಪಿಜಿ ಟ್ಯಾಂಕರ್ ಕಣ್ಣೂರಿನ ಚಾಲದಲ್ಲಿ ರಸ್ತೆ ವಿಭಜಕಕ್ಕೆ ಬಡಿದು ಮಗುಚಿತು. ಸೋರಿದ ಅನಿಲ ಅಕ್ಕಪಕ್ಕದ ಮನೆಗಳತ್ತ ಹರಡಿ ಹೊತ್ತಿಕೊಂಡು 20 ಜನ ಸತ್ತರು. ಮರುವರ್ಷ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲೂ ಟ್ಯಾಂಕರ್ ಮಗುಚಿ ರಸ್ತೆಬದಿಯ ಮನೆಗಳು ಉರಿದವು. ಲೆಕ್ಕ ನೋಡಿ: ಒಂದು ಲೀಟರ್ ದ್ರವ ಎಲ್‌ಪಿಜಿ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ 2 ಶೇಕಡಾ ಇದ್ದರೂ ಅದು ಹತ್ತಿಕೊಳ್ಳುತ್ತದೆ. ಅಂದರೆ ಒಂದು ಲೀಟರ್‌ನಿಂದ 12,500 ಲೀಟರ್ ಉರಿಯಬಲ್ಲ ಗಾಳಿ. ಅದು ಗಾಳಿಗಿಂತ ಭಾರ, ನೀರಿನಂತೆ ತಗ್ಗಿಗೆ ಹರಿಯುತ್ತದೆ, ಚರಂಡಿಯಲ್ಲಿ ಕೂರುತ್ತದೆ, ಅಡುಗೆಮನೆಯ ಒಲೆ ಹುಡುಕಿಕೊಂಡು ಹೋಗುತ್ತದೆ.

ಮಾಡಬೇಕಾದದ್ದು, ಇದೇ ಕ್ರಮದಲ್ಲಿ:

1. ಎಂಜಿನ್ ನಿಲ್ಲಿಸಿ, ಮಾಸ್ಟರ್ ಸ್ವಿಚ್ ಆಫ್ ಮಾಡಿ, ಟ್ರೆಮ್ ಕಾರ್ಡ್ ಕೈಯಲ್ಲಿ ಹಿಡಿದು ಇಳಿಯಿರಿ. ಆದರೆ ಅನಿಲ ಆಗಲೇ ಸುತ್ತುವರಿದಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಡಿ.
2. ಗಾಳಿ ಬರುವ ದಿಕ್ಕಿಗೆ, ಎತ್ತರಕ್ಕೆ ನಡೆಯಿರಿ.
3. ಎರಡೂ ಕಡೆ ವಾಹನ ತಡೆಸಿ. ಎಲ್‌ಪಿಜಿ ದೊಡ್ಡದಾಗಿ ಸೋರುತ್ತಿದ್ದರೆ ಗಾಳಿ ಬೀಸಿಕೊಂಡು ಹೋಗುವ ಬದಿಯಲ್ಲಿ ಕನಿಷ್ಠ 800 ಮೀಟರ್, ಟ್ಯಾಂಕ್‌ಗೇ ಬೆಂಕಿ ತಾಗಿದ್ದರೆ ಸುತ್ತ 1,600 ಮೀಟರ್ ಖಾಲಿ ಮಾಡಿಸಬೇಕು. ಮನೆಗಳಿಗೆ ‘ಒಲೆ ಆರಿಸಿ, ಲೈಟ್ ಸ್ವಿಚ್ ಮುಟ್ಟಬೇಡಿ, ಹೊರಗೆ ಬನ್ನಿ’ ಎಂದು ಕೂಗಿ ಹೇಳಿಸಿ.
4. ಸುರಕ್ಷಿತ ದೂರದಿಂದ 112 ಅಥವಾ 101ಕ್ಕೆ, ಎಲ್‌ಪಿಜಿ ಆದರೆ 1906ಕ್ಕೂ ಕರೆ ಮಾಡಿ. ಸರಕಿನ ಹೆಸರು, ಯುಎನ್ ಸಂಖ್ಯೆ, ಎಷ್ಟು ಟನ್, ಸೋರಿಕೆಯೋ ಬೆಂಕಿಯೋ, ಹತ್ತಿರದ ಕಿಲೋಮೀಟರ್ ಕಲ್ಲು, ಗಾಳಿಯ ದಿಕ್ಕು ಹೇಳಿ.
5. ಹತ್ತಿರದ ಪೊಲೀಸ್ ಠಾಣೆಗೂ ಮಾಲೀಕರಿಗೂ ತಕ್ಷಣ ತಿಳಿಸುವುದು 136ನೇ ನಿಯಮದಂತೆ ಡ್ರೈವರ್‌ನ ಕರ್ತವ್ಯ.

ಮಾಡಬಾರದ್ದೂ ಅಷ್ಟೇ ಮುಖ್ಯ. ವಾಲ್ವ್‌ನಲ್ಲಿ ಉರಿಯುತ್ತಿರುವ ಎಲ್‌ಪಿಜಿಯ ಬೆಂಕಿಯನ್ನು, ಸೋರಿಕೆ ಮುಚ್ಚಲಾಗದಿದ್ದರೆ, ಆರಿಸಬೇಡಿ. ಆರಿಸಿದರೆ ಅನಿಲ ಸೋರುತ್ತಲೇ ಹರಡಿ ಇನ್ನೆಲ್ಲೋ ಒಟ್ಟಿಗೆ ಹತ್ತಿಕೊಳ್ಳುತ್ತದೆ. ಬುಲೆಟ್‌ನ ಮೈಗೆ ದೂರದಿಂದ ನೀರು ಹೊಡೆದು ತಂಪಾಗಿಡುವುದು ಅಗ್ನಿಶಾಮಕರ ಕೆಲಸ. ದ್ರವವಿಲ್ಲದ ಮೇಲ್ಭಾಗದ ಉಕ್ಕು ಮೊದಲು ಕಾದು ಮೆತ್ತಗಾಗುತ್ತದೆ. ಸೇಫ್ಟಿ ವಾಲ್ವ್‌ನ ಶಿಳ್ಳೆ ಏರುತ್ತಾ ಹೋದರೆ, ಮೈಬಣ್ಣ ಬದಲಾದರೆ, ಎಲ್ಲರೂ ಓಡಬೇಕು. ಕ್ಲೋರಿನ್ ಸೋರುವ ಜಾಗಕ್ಕೆ ನೇರವಾಗಿ ನೀರು ಬಿಡಬಾರದು. ಹುಟ್ಟುವ ಆಸಿಡ್ ತೂತನ್ನು ದೊಡ್ಡದು ಮಾಡುತ್ತದೆ. ಅಮೋನಿಯ ಆವಿಗಾದರೆ ನೀರಿನ ತುಂತುರು ಉಪಯೋಗಕ್ಕೆ ಬರುತ್ತದೆ. ಪೆಟ್ರೋಲ್ ಚೆಲ್ಲಿದರೆ ಮಣ್ಣು, ಮರಳಿನ ಒಡ್ಡು ಕಟ್ಟಿ ಚರಂಡಿಗೆ ಹೋಗದಂತೆ ತಡೆಯಿರಿ. ಕೊಡ, ಬಕೆಟ್ ಹಿಡಿದು ಬರುವವರನ್ನು ಎಷ್ಟೇ ಜಗಳವಾದರೂ ಹತ್ತಿರ ಬಿಡಬೇಡಿ. ತುಂಬಿದ ಬುಲೆಟ್ಟನ್ನು ಸಿಕ್ಕಿದ ಕ್ರೇನ್‌ನಿಂದ ಎತ್ತಿಸುವುದೂ ಬೇಡ. ಕಂಪನಿಯ ತುರ್ತು ತಂಡ ಬಂದು ಅನಿಲವನ್ನು ಇನ್ನೊಂದು ಟ್ಯಾಂಕರ್‌ಗೆ ವರ್ಗಾಯಿಸಿದ ಮೇಲೆಯೇ ಎತ್ತಬೇಕು.

ಹಂತ 10: ಖಾಲಿ ಗಾಡಿ

ಖಾಲಿಯಾದ ಟ್ಯಾಂಕರ್‌ನ ಫಲಕವನ್ನು, ಟ್ಯಾಂಕ್ ತೊಳೆದು ಅನಿಲಮುಕ್ತ ಮಾಡುವವರೆಗೆ ತೆಗೆಯಬಾರದು. ತುಂಬಿದ ಪೆಟ್ರೋಲ್ ಟ್ಯಾಂಕ್‌ಗಿಂತ ಮ್ಯಾನ್‌ಹೋಲ್ ತೆರೆದಿಟ್ಟ ಖಾಲಿ ಟ್ಯಾಂಕ್ ಸ್ಫೋಟಕ್ಕೆ ಹತ್ತಿರ, ಆವಿಗೆ ಈಗ ಬೇಕಾದಷ್ಟು ಗಾಳಿ ಸಿಕ್ಕಿರುತ್ತದೆ. ಗ್ಯಾರೇಜಿನವರು ‘ಖಾಲಿ ಇದೆಯಲ್ಲ ಸಾರ್’ ಎಂದು ಬ್ರಾಕೆಟ್ ವೆಲ್ಡಿಂಗ್‌ಗೆ ಕೂರುವುದು ಈ ಹೊತ್ತಿನಲ್ಲೇ. ಟ್ಯಾಂಕ್ ತೊಳೆದು, ಅನಿಲಮಾಪಕದಲ್ಲಿ ನೋಡಿ, ಅನಿಲಮುಕ್ತ ಎಂದು ಸಮರ್ಥ ವ್ಯಕ್ತಿ ಬರೆದುಕೊಟ್ಟ ಪ್ರಮಾಣಪತ್ರ ಕೈಗೆ ಬರುವವರೆಗೆ ಬೆಂಕಿ ಕೆಲಸವೂ ಇಲ್ಲ, ಒಳಗೆ ಇಳಿಯುವುದೂ ಇಲ್ಲ. ಚಾಸಿಸ್‌ಗೆ ಮಾತ್ರ ವೆಲ್ಡಿಂಗ್ ಎಂದರೂ ಇದೇ ನಿಯಮ. ಒಳಗೆ ಇಳಿದು ಕುಸಿದವನನ್ನು ಎತ್ತಲು ಇನ್ನೊಬ್ಬ ಹಾಗೇ ಇಳಿದರೆ ಎರಡು ಹೆಣ ಬೀಳುತ್ತವೆ. ಹಗ್ಗ ಕಟ್ಟಿ, ಉಸಿರಾಟದ ಸಾಧನ ಹಾಕಿ, ಮೇಲೆ ಒಬ್ಬರು ನಿಂತಿದ್ದರೆ ಮಾತ್ರ ಇಳಿಯಬೇಕು.